ಪಕ್ಕದ ಸೀಟಿನ ಬ್ರೇಕು

ಮನೆ, ಮುಂದಿನ ಕೋಣೆ
ಶನಿವಾರ, ಹದಿನಾಲ್ಕನೇ ತಾರೀಖು, ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯೋ? ಕುತ್ತಿಗೆ ನೋವು ಕಡಿಮೆಯಾಯಿತಾ? ದಿನವಿಡೀ ಲ್ಯಾಬಿನಲ್ಲಿ ಬಗ್ಗಿಕೊಂಡು ಊರಿನವರ ರಕ್ತವನ್ನೆಲ್ಲ ಇಣುಕಿ ನೋಡುತ್ತೀಯ, ನಿನ್ನ ರಕ್ತ ಯಾವಾಗ ನೋಡಿಸಿಕೊಳ್ಳುತ್ತೀ ಎಂದರೆ ನಾಳೆ ಎನ್ನುತ್ತೀಯ. ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ನಡೆ. ನಡೆಯುವುದೇನು ನಿನಗೆ ಹೇಳಿಕೊಡಬೇಕಾಗಿಲ್ಲ ಬಿಡು, ಒಂಬತ್ತು ವರ್ಷದಿಂದ ಕೆಲಸಕ್ಕೂ ಅಂಗಡಿಗೂ ನಡೆದೇ ಹೋಗುತ್ತಿದ್ದೀಯ. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ಇಷ್ಟು ದಪ್ಪದ ಲಕೋಟೆ ನೋಡಿ ಎದೆ ಧಸಕ್ಕೆನ್ನಬಹುದು, ಅದಕ್ಕೇ ಮೊದಲೇ ಹೇಳುತ್ತೇನೆ: ಯಾರಿಗೂ ಏನೂ ಆಗಿಲ್ಲ. ಅಪ್ಪ ಹಿಂದಿನ ಕೋಣೆಯಲ್ಲಿ ಯಾರದೋ ಹಳೆಯ ನಿಘಂಟಿಗೆ ಹೊಸ ರಟ್ಟು ಕಟ್ಟುತ್ತಿದ್ದಾರೆ. ಅಂಟಿನ ವಾಸನೆ ಇಲ್ಲಿಯವರೆಗೂ ಬರುತ್ತಿದೆ. ಮಂಡಿ ಮಾತ್ರ ಮೊಂಡುತನ ಮಾಡುತ್ತಿದೆ. ಮೂರು ಮೆಟ್ಟಿಲು ಹತ್ತಿದರೆ ನಾಲ್ಕನೆಯದಕ್ಕೆ ಕೋಲಿನ ಮೇಲೆ ಭಾರ ಬಿಟ್ಟು ನಿಂತುಬಿಡುತ್ತಾರೆ, ಕೇಳಿದರೆ ಕಿಟಕಿಯ ಧೂಳು ನೋಡುತ್ತಿದ್ದೆ ಎನ್ನುತ್ತಾರೆ.

ಮಂಡಿಯ ಆಪರೇಷನ್ ಮುಂದಿನ ತಿಂಗಳು ಒಂಬತ್ತನೇ ತಾರೀಖಿಗೆ ಎಂದು ನಿನಗೆ ಮೆಸೇಜು ಮಾಡಿದ್ದೆನಲ್ಲ, ಅದಕ್ಕೆ ನೀನು ಬರೆದ ಒಂದೇ ಸಾಲನ್ನು ಹದಿನೈದು ದಿನದಿಂದ ಓದುತ್ತಿದ್ದೇನೆ. "ಅಪ್ಪನ ಮುಖ ನೋಡೋ ಧೈರ್ಯ ನನಗಿಲ್ಲ ಅಕ್ಕ, ಅವರ ಕಾಲು ಮುರಿದವನು ನಾನೇ ಅಲ್ವಾ." ಅಪ್ಪನಿಗೆ ಅದನ್ನು ಓದಿ ಹೇಳಲಿಲ್ಲ. ರಜೆ ಕೇಳುತ್ತಿದ್ದಾನೆ, ಸಿಕ್ಕರೆ ಬರುತ್ತಾನೆ ಎಂದು ಸುಳ್ಳು ಹೇಳಿದೆ. ಅವರು ನಿನ್ನ ಮಂಚದ ಮೇಲೆ ಪೇರಿಸಿಟ್ಟಿದ್ದ ಕಾಗದದ ಕಟ್ಟುಗಳನ್ನೆಲ್ಲ ಕೋಲೂರಿಕೊಂಡೇ ಒಂದೊಂದಾಗಿ ಕೆಳಗಿಳಿಸಿದರು. ನೀನು ಒಂಬತ್ತಕ್ಕೆ ಮುಂಚೆ ಬರಬೇಕು. ಈ ಕಾಗದ ಅದಕ್ಕೇ. ಬಾ ಎಂದು ಕರೆಯುವುದಕ್ಕೆ ಮೊದಲು ಬಾಯಿಬಿಟ್ಟು ಹೇಳಬೇಕಾದದ್ದೊಂದು ನನ್ನ ಹತ್ತಿರ ಇದೆ. ಅದನ್ನು ಹೇಳುವಂಥವಳಾಗುವುದಕ್ಕೆ ನನಗೆ ಇಷ್ಟು ವರ್ಷ ಹಿಡಿಯಿತು, ಹೇಗೆ ಎಂಬುದನ್ನೂ ಹೇಳುತ್ತೇನೆ. ಅಕ್ಕ ಮತ್ತೆ ಸುತ್ತಿ ಬಳಸಿ ಶುರುಮಾಡಿದಳು ಎಂದು ಗೊಣಗಬೇಡ, ಕೂತು ಓದು.

ಮೊದಲು ಸಂತೋಷದ ಸುದ್ದಿ. ಸೋಮವಾರ ನನ್ನ ನೋಂದಣಿ ಪತ್ರ ಬಂತು. ಇನ್ನು ಮೇಲೆ ನಿನ್ನ ಅಕ್ಕ ಯಾರ ಮೇಲ್ವಿಚಾರಣೆಯೂ ಇಲ್ಲದೆ ಆಪ್ತಸಮಾಲೋಚಕಿ. ಹಲ್ಲಿನ ಡಾಕ್ಟರ ಮೇಲಿನ ಮಹಡಿಯಲ್ಲಿ ಒಂದು ಕೋಣೆ ಸಿಕ್ಕಿದೆ. ಕೆಳಗಿನಿಂದ ಆಗಾಗ ಕೊರೆಯುವ ಸದ್ದು ಬರುತ್ತದೆ, ಆಗ ಬಂದವರೂ ನಾನೂ ಇಬ್ಬರೂ ಹಲ್ಲು ಕಚ್ಚಿಕೊಂಡು ಸುಮ್ಮನಾಗುತ್ತೇವೆ. ಎರಡು ಕುರ್ಚಿ, ಒಂದು ಸಣ್ಣ ಮೇಜು, ಒಂದು ಡಬ್ಬಿ ಟಿಶ್ಯೂ, ಬಂದವರಿಗೂ ನನಗೂ ಕಾಣುವಂತೆ ಒಂದು ಗಡಿಯಾರ. ಕುರ್ಚಿಗಳನ್ನು ಎದುರುಬದುರಾಗಿ ಹಾಕಿಲ್ಲ. ಎರಡನ್ನೂ ಕಿಟಕಿಯ ಕಡೆ ತಿರುಗಿಸಿ ಅಕ್ಕಪಕ್ಕ ಇಟ್ಟಿದ್ದೇನೆ. ನೋಡಿದವರಿಗೆ ವಿಚಿತ್ರ ಅನ್ನಿಸುತ್ತದೆ. ನಿನಗೆ ಅನ್ನಿಸಲಾರದು, ಏಕೆಂದರೆ ಹದಿನಾಲ್ಕು ವರ್ಷ ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ನಾನು ಜನರ ಪಕ್ಕ ಕೂತದ್ದೇ ಹಾಗೆ.

ನೀನು ಹೋದ ಮೇಲೆ ಸ್ಕೂಲಿನಲ್ಲಿ ಏನಾಯಿತು ಎಂದು ನಿನಗೆ ಸರಿಯಾಗಿ ಹೇಳಲೇ ಇಲ್ಲ. ನಮ್ಮ ಓನರ್, ಅದೇ ಹಾರನ್ ಮಾಮ, ಮೂರು ತಿಂಗಳು ನನ್ನನ್ನು ಆಫೀಸಿನಲ್ಲಿ ಫಾರಂ ತುಂಬುವುದಕ್ಕೆ ಕೂರಿಸಿದರು. ಆಮೇಲೆ ಒಂದು ದಿನ ಕರೆದು, "ಹೆದರೋ ಗಿರಾಕಿಗಳನ್ನೆಲ್ಲ ಇನ್ನು ಮೇಲೆ ನೀನೇ ನೋಡ್ಕೋ. ನೀನೀಗ ನಿಧಾನ ಆಗಿದ್ದೀಯ, ಅವರಿಗೆ ಅದೇ ಬೇಕು" ಎಂದರು. ಸ್ಟೀರಿಂಗ್ ಮುಟ್ಟಿದರೆ ಬೆವರುವವರು, ಒಮ್ಮೆ ಗುದ್ದಿಸಿಕೊಂಡು ಮತ್ತೆ ಕೀಲಿ ಹಿಡಿಯಲಾರದವರು, ಐವತ್ತು ದಾಟಿದ ಮೇಲೆ ಮಕ್ಕಳ ಬಲವಂತಕ್ಕೆ ಬಂದವರು, ಎಲ್ಲ ನನ್ನ ಪಾಲಿಗೆ. ಕಾರಿನಲ್ಲಿ ಒಂದು ಅನುಕೂಲ ಇದೆ. ಇಬ್ಬರೂ ರಸ್ತೆ ನೋಡುತ್ತಿರಬೇಕು, ಮುಖ ಮುಖ ನೋಡುವ ಹಾಗಿಲ್ಲ. ಎರಡನೇ ಗೇರಿನಲ್ಲಿ ಆಟದ ಮೈದಾನದ ಸುತ್ತ ಹೋಗುತ್ತ ಹೋಗುತ್ತ ಜನ ತಮ್ಮ ಗಂಡನಿಗೂ ಹೇಳದ್ದನ್ನು ನನಗೆ ಹೇಳಿದರು. ನಾನು "ಇಂಡಿಕೇಟರ್ ಹಾಕಿ" ಎನ್ನುತ್ತಿದ್ದೆ, ಅವರು ಹಾಕಿ, ತಿರುಗಿ, ಮತ್ತೆ ಬಿಟ್ಟಲ್ಲಿಂದ ಮುಂದುವರಿಸುತ್ತಿದ್ದರು.

ಬಟ್ಟೆ ಅಂಗಡಿಯಾಕೆ ಎಂದು ಒಬ್ಬರಿದ್ದರು. ಗಂಡ ತೀರಿಕೊಂಡು ವರ್ಷವಾಗಿತ್ತು. ನಲವತ್ತೊಂದು ಪಾಠ ತೆಗೆದುಕೊಂಡರು ಮಾರಾಯ! ಇಪ್ಪತ್ತಕ್ಕೇ ಕೈ ಪಳಗಿತ್ತು, ನನಗಿಂತ ಚೆನ್ನಾಗಿ ರಿವರ್ಸ್ ಹಾಕುತ್ತಿದ್ದರು. ಪರೀಕ್ಷೆಗೆ ಯಾವಾಗ ಹೋಗ್ತೀರಿ ಎಂದರೆ ಮಾತು ಮರೆಸುತ್ತಿದ್ದರು. ಕೊನೆಗೊಂದು ದಿನ ನಾನು ಪಟ್ಟು ಹಿಡಿದಾಗ, "ನನಗೆ ಕಾರೇ ಇಲ್ಲ ಕಣಮ್ಮ. ವಾರಕ್ಕೊಂದು ಗಂಟೆ ಯಾರಾದ್ರೂ ನನ್ನ ಪಕ್ಕ ಕೂತ್ಕೊಂಡು ಮಧ್ಯೆ ಬಾಯಿ ಹಾಕ್ದೆ ಕೇಳ್ತಾರಲ್ಲ, ಅದಕ್ಕೆ ಬರ್ತೀನಿ" ಎಂದರು. ನನಗೆ ಮೊದಲು ನಗು ಬಂತು. ಇದನ್ನು ಇನ್ನೊಬ್ಬ ಗಿರಾಕಿಗೆ ಹೇಳಿದೆ. ಅವರು ಕಾಲೇಜೊಂದರಲ್ಲಿ ಆಪ್ತಸಮಾಲೋಚನೆ ಕಲಿಸುವವರು, ಲೈಸೆನ್ಸ್ ಪರೀಕ್ಷೆಯಲ್ಲಿ ಮೂರು ಸಲ ಫೇಲಾದವರು. ಮೂರನೇ ಸಲ ಫೇಲಾಗಿ ಬಂದು ಕಾರಿನಲ್ಲೇ ಕೂತು, "ನಾನು ನಿಮ್ಮ ಕೆಲಸ ಕಲಿಯೋ ಹಾಗೆ ಕಾಣಲ್ಲ, ನೀವೇ ಬಂದು ನನ್ನ ಕೆಲಸ ಕಲೀರಿ" ಎಂದರು. ತಮಾಷೆಗೆ ಅಂದರೋ ನಿಜಕ್ಕೋ ಗೊತ್ತಿಲ್ಲ, ನಾನು ಮಾರನೇ ದಿನವೇ ಫಾರಂ ತಂದೆ. ಆಗ ನನಗೆ ಮೂವತ್ತಾರು. ಸಂಜೆ ಕಾಲೇಜು, ಡಿಪ್ಲೊಮಾ, ನನ್ನ ಅರ್ಧ ವಯಸ್ಸಿನ ಹುಡುಗಿಯರ ಜೊತೆ ಬೆಂಚು. ಮೊದಲ ದಿನ ನನ್ನನ್ನೇ ಟೀಚರ್ ಎಂದುಕೊಂಡು ಎಲ್ಲ ಎದ್ದು ನಿಂತುಬಿಟ್ಟರು.

ಯಾಕೆ ಈ ಕೆಲಸಕ್ಕೆ ಬಂದಿರಿ ಎಂದು ಅಲ್ಲಿ ಎಲ್ಲರನ್ನೂ ಕೇಳುತ್ತಾರೆ. ನಾನು ಬಟ್ಟೆ ಅಂಗಡಿಯಾಕೆಯ ಕಥೆ ಹೇಳುತ್ತಿದ್ದೆ. ಚಪ್ಪಾಳೆ ಬೀಳುತ್ತಿತ್ತು. ಅದು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ.

ಡಿಪ್ಲೊಮಾ ಮುಗಿದ ಮೇಲೆ ಮೂರು ವರ್ಷ ಒಬ್ಬ ಹಿರಿಯ ಮೇಡಂ ಕೈಕೆಳಗೆ ಕೆಲಸ. ಬಂದವರ ಒಪ್ಪಿಗೆ ಪಡೆದು ನಾವು ಮಾತಾಡಿಸುವುದನ್ನು ವಿಡಿಯೋ ಮಾಡಿಟ್ಟುಕೊಂಡು ಆಮೇಲೆ ನಮ್ಮನ್ನು ಕೂರಿಸಿ ತೋರಿಸುತ್ತಾರೆ. ಮೇಡಂ ಮಿತಭಾಷಿ, ಗಾಜಿನ ಲೋಟದಲ್ಲಿ ಬಿಸಿನೀರು ಕುಡಿಯುತ್ತ ಇಡೀ ಗಂಟೆ ನೋಡುತ್ತಾರೆ. ನನ್ನ ಮೊದಲ ವಿಡಿಯೋ ನೋಡಿ, ಅಲ್ಲಲ್ಲಿ ನಿಲ್ಲಿಸಿ, ಬೆರಳಿನಿಂದ ಪರದೆಯ ಕೆಳಮೂಲೆ ತೋರಿಸಿದರು. ನನ್ನ ಬಲಗಾಲು. ಎದುರಿನವರ ದನಿ ನಡುಗಿದಾಗಲೆಲ್ಲ, ಅವರು ಅಳುವ ಹತ್ತಿರಕ್ಕೆ ಬಂದಾಗಲೆಲ್ಲ, ನನ್ನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅದರ ಹಿಂದೆಯೇ ನನ್ನ ಬಾಯಿಯಿಂದ ಏನಾದರೂ ಸಮಾಧಾನದ ಮಾತು, ಒಂದು ಲೋಟ ನೀರು, ಬೇರೆ ವಿಷಯ. ಕಲಿಸುವವರ ಕಾಲ ಕೆಳಗೂ ಒಂದು ಬ್ರೇಕ್ ಇರುತ್ತದಲ್ಲ, ಅದನ್ನು ಹುಡುಕುತ್ತಿತ್ತು ಕಾಲು. "ಅವರು ಗುದ್ದಿಬಿಡ್ತಾರೆ ಅಂತ ನಿಮಗೆ ಯಾಕೆ ಇಷ್ಟು ಭಯ?" ಎಂದು ಮೇಡಂ ಕೇಳಿದರು. ಹಳೆ ಅಭ್ಯಾಸ ಮೇಡಂ, ಎಂದು ನಕ್ಕೆ. ಅವರು ವಿಡಿಯೋವನ್ನು ಮತ್ತೆ ಮೊದಲಿನಿಂದ ಹಾಕಿದರು.

ಈ ಓದಿನಲ್ಲಿ ಒಂದು ಕಡ್ಡಾಯದ ನಿಯಮ ಇದೆ ತಮ್ಮಾ. ಬೇರೆಯವರ ಕಷ್ಟ ಕೇಳುವವಳು ಮೊದಲು ತಾನೇ ಹೋಗಿ ಇನ್ನೊಬ್ಬ ಸಮಾಲೋಚಕರೆದುರು ಕೂತು ಇಪ್ಪತ್ತು ಗಂಟೆ ತನ್ನದನ್ನು ಹೇಳಿಕೊಳ್ಳಬೇಕು. ನಾನು ಬಹಳ ಜಾಣತನದಿಂದ ಹದಿನಾರು ಗಂಟೆ ಕಳೆದೆ. ಅಮ್ಮ ಹೋದದ್ದು ಹೇಳಿದೆ, ಹದಿನೇಳರ ಹುಡುಗಿ ನಾನು ಐದು ವರ್ಷದ ನಿನಗೆ ಶೂ ಲೇಸು ಕಟ್ಟುವುದು ಕಲಿಸಿದ್ದು ಹೇಳಿದೆ, ನೀನು ಎಡಗಾಲಿನದನ್ನು ಮಾತ್ರ ಕಟ್ಟಿಕೊಂಡು ಬಲಗಾಲಿನದನ್ನು ನನಗೇ ಬಿಡುತ್ತಿದ್ದದ್ದು ಹೇಳಿದೆ. ಮದುವೆ ಯಾಕೆ ಬೇಡವೆಂದೆ ಎಂದೂ ಹೇಳಿದೆ. ಹದಿನೇಳನೇ ಗಂಟೆಗೆ ಹೇಳಲು ಏನೂ ಉಳಿಯಲಿಲ್ಲ.  ಹೊರಗೆ ಯಾರೋ ಅಂಗಡಿಯ ಶಟರ್ ಎಳೆದು, ಬೀಗ ಹಾಕಿ, ಮರೆತದ್ದೇನೋ ನೆನಪಾಗಿ ಮತ್ತೆ ತೆಗೆದರು. ಆಗ ಹೇಳಿದೆ. ಈಗ ನಿನಗೆ ಹೇಳುತ್ತಿದ್ದೇನೆ.

ಅವತ್ತು ಕಾರಿನಲ್ಲಿ ನಾವು ಮೂವರು. ನೀನು ಸ್ಟೀರಿಂಗ್ ಹಿಡಿದಿದ್ದೆ, ನಿನ್ನ ಒಂಬತ್ತನೇ ಪಾಠ. ಪಕ್ಕದಲ್ಲಿ ನಾನು. ಹಿಂದೆ ಅಪ್ಪ, ಕಣ್ಣಿನ ಡಾಕ್ಟರ ಹತ್ತಿರ ಇಳಿಸಬೇಕಿತ್ತು. ಮಾರುಕಟ್ಟೆ ಇಳಿಜಾರಿನಲ್ಲಿ ತಳ್ಳುಗಾಡಿ ಅಡ್ಡ ಬಂತು, ನೀನು ಅದನ್ನು ತಪ್ಪಿಸಿ ಗೋಡೆಗೆ ಹೊಡೆದೆ, ಅಪ್ಪನ ಮಂಡಿ ಮುಂದಿನ ಸೀಟಿಗೆ ಬಡಿದು ಒಡೆಯಿತು. ಇಷ್ಟು ನಿನಗೆ ಗೊತ್ತು. ನಾನು ಪೊಲೀಸರಿಗೆ ಹೇಳಿದ್ದೂ ನಿನಗೆ ಗೊತ್ತು, ನೀನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. "ನಾನು ಬ್ರೇಕ್ ಒತ್ತಿದೆ ಸರ್, ಇವನು ಗಾಬರಿಯಲ್ಲಿ ಆಕ್ಸಿಲರೇಟರ್ ತುಳಿದುಬಿಟ್ಟ." ಆ ಮಾತು ಸುಳ್ಳು ಕಣೋ. ನಾನು ಬ್ರೇಕ್ ಒತ್ತಲಿಲ್ಲ. ಒತ್ತುವುದಕ್ಕೆ ನನ್ನ ಕಾಲು ಅಲ್ಲಿರಲೇ ಇಲ್ಲ. ಬೇರೆ ಯಾರು ಓಡಿಸುತ್ತಿದ್ದರೂ ನನ್ನ ಕಾಲು ಬ್ರೇಕಿನ ಮೇಲೆ ಒಂದು ಬೆರಳಷ್ಟು ಎತ್ತರದಲ್ಲಿ ಸದಾ ಕಾದಿರುತ್ತಿತ್ತು. ಅವತ್ತು ನನ್ನ ತಮ್ಮ ತಾನೇ ಎಂದು ಚಪ್ಪಲಿ ಬಿಚ್ಚಿ, ಎರಡೂ ಕಾಲು ಮೇಲಕ್ಕೆ ಮಡಚಿ, ಮನೆಯ ಸೋಫಾದಲ್ಲಿ ಕೂತಂತೆ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ಎದುರಿನ ಬೀದಿಯಲ್ಲಿ ಇನ್ನೊಂದು ಡ್ರೈವಿಂಗ್ ಸ್ಕೂಲಿನವರು ಹೊಸ ಬೋರ್ಡು ಹಾಕಿದ್ದರು, ಅದನ್ನು ಓದುತ್ತಿದ್ದೆ. ನೀನು "ಅಕ್ಕಾ" ಎಂದೆ. ಆ ಕೂಗು ಈಗಲೂ ಕಿವಿಯಲ್ಲಿದೆ. ತಿರುಗಿ ನೋಡಿದಾಗ ಮೊದಲು ಕಂಡದ್ದು ನಿನ್ನ ಬಲಗಾಲು. ಅದು ಯಾವ ಪೆಡಲ್ ಮೇಲೂ ಇರಲಿಲ್ಲ. ಎರಡರ ಮಧ್ಯೆ ಗಾಳಿಯಲ್ಲಿ ನಡುಗುತ್ತ ನಿಂತಿತ್ತು. ನೀನು ಆಕ್ಸಿಲರೇಟರ್ ತುಳಿಯಲಿಲ್ಲ. ಒಂಬತ್ತು ಪಾಠದ ಹುಡುಗ ಹೆದರಿದರೆ ಕಾಲು ನಿಂತೇಹೋಗುತ್ತದೆ, ಅದಕ್ಕೆಂದೇ ಪಕ್ಕದಲ್ಲಿ ನಮ್ಮನ್ನು ಕೂರಿಸುತ್ತಾರೆ. ಆ ಕೆಲಸ ನನ್ನದಾಗಿತ್ತು.

ಗೋಡೆಗೆ ಹೊಡೆದ ಮೇಲೆ ಅಪ್ಪ ಹಿಂದೆ ನರಳುತ್ತಿದ್ದರು, ನಿನ್ನ ಹಣೆಯಲ್ಲಿ ರಕ್ತ. ನಾನು ಮೊದಲು ಮಾಡಿದ್ದೇನು ಗೊತ್ತಾ? ಕಾಲು ಕೆಳಗಿಳಿಸಿ, ತಡಕಾಡಿ, ಚಪ್ಪಲಿ ಹಾಕಿಕೊಂಡೆ. ಆಮೇಲೆ ನಿಮ್ಮ ಕಡೆ ತಿರುಗಿದೆ. ನನಗೇ ಹೇಸಿಗೆಯಾಗುತ್ತದೆ ಬರೆಯುವುದಕ್ಕೆ, ಆದರೂ ಬರೆಯುತ್ತೇನೆ. ಪೊಲೀಸರೆದುರು ಆ ಮಾತು ಬಾಯಿಗೆ ತಾನಾಗಿ ಬಂತು. ನಾಳೆ ಸರಿಮಾಡೋಣ ಎಂದುಕೊಂಡೆ. ಆಸ್ಪತ್ರೆಯಲ್ಲಿ ನೀನು ಗೋಡೆಗೆ ಮುಖ ಮಾಡಿ ನಿಂತಿದ್ದಾಗ ಹೇಳೋಣ ಎಂದುಕೊಂಡೆ. ನಾಲ್ಕು ತಿಂಗಳಾದ ಮೇಲೆ ನೀನು ಎರಡು ದಿನದ ದಾರಿಯ ಊರಿಗೆ ಕೆಲಸ ಹುಡುಕಿಕೊಂಡು ಹೊರಟಾಗ ಸ್ಟೇಷನ್ನಿನಲ್ಲಿ ನಿನ್ನ ಕೈಗೆ ಬ್ರೆಡ್ಡಿನ ಪೊಟ್ಟಣ ಕೊಟ್ಟೆನಲ್ಲ, ಆಗ ನಾಲಿಗೆಯ ತುದಿಯವರೆಗೂ ಬಂದಿತ್ತು. "ಕಿಟಕಿ ಹತ್ತಿರ ಕೂತ್ಕೋ" ಎಂದೆ. ಅಷ್ಟೇ ಹೇಳಿದ್ದು.

ನಾನು ಹೇಳಿ ಮುಗಿಸಿದ ಮೇಲೆ ಆ ಸಮಾಲೋಚಕರು ಪರವಾಗಿಲ್ಲ ಎನ್ನಲಿಲ್ಲ. ಅಂದಿದ್ದರೆ ಎದ್ದು ಬಂದುಬಿಡುತ್ತಿದ್ದೆನೋ ಏನೋ. "ಇದು ನನಗೆ ಹೇಳೋ ಮಾತಾ, ಇನ್ನೊಬ್ಬರಿಗಾ?" ಎಂದು ಕೇಳಿದರು. ಇನ್ನೊಬ್ಬರಿಗೆ ಎಂದೆ. ಅದಾಗಿ ಎರಡು ವರ್ಷ ಆಯಿತು ತಮ್ಮಾ. ಆಮೇಲೂ ಎರಡು ವರ್ಷ ಸುಮ್ಮನಿದ್ದೆ. ದಿನಕ್ಕೆ ನಾಲ್ಕು ಜನರಿಗೆ, ಮನಸ್ಸಿನಲ್ಲಿರೋದನ್ನ ಹೇಳಿ, ಇಲ್ಲಿ ಯಾರೂ ನಿಮ್ಮನ್ನ ಬೈಯಲ್ಲ ಎನ್ನುತ್ತೇನೆ. ಸಂಜೆ ಬಾಗಿಲು ಹಾಕಿಕೊಂಡು ಬರುವಾಗ ಮೆಟ್ಟಿಲ ಮೇಲೆ ನನ್ನ ಮುಖಕ್ಕೆ ನಾನೇ ಉಗಿದುಕೊಳ್ಳುತ್ತೇನೆ. ಕೆಲಸದಲ್ಲಿ ನಾನು ಮೋಸ ಮಾಡಿಲ್ಲ, ಅದನ್ನು ನೀನು ನಂಬಬಹುದು. ಬಂದವರು ಅಳುವಾಗ ನನ್ನ ಕಾಲು ಈಗ ಸುಮ್ಮನಿರುತ್ತದೆ, ಅದನ್ನು ಕಲಿಯುವುದಕ್ಕೆ ಒಂದೂವರೆ ವರ್ಷ ಹಿಡಿಯಿತು. ಆದರೆ ನಿನ್ನ ಆ ಒಂದು ಸಾಲು ಬಂದ ದಿನ ನನಗೆ ಅರ್ಥವಾಯಿತು, ಒಂಬತ್ತು ವರ್ಷದಿಂದ ನೀನು ಹೊತ್ತುಕೊಂಡು ನಡೆಯುತ್ತಿರುವುದು ನನ್ನ ಹೊರೆ ಎಂದು. ಅದನ್ನು ನನಗೆ ವಾಪಸು ಕೊಡು.

ಕ್ಷಮಿಸು ಎಂದು ಕೇಳುವುದಕ್ಕೂ ನಾಚಿಕೆ. ದೊಡ್ಡ ಮನಸ್ಸು ಮಾಡಿ ಹೊಟ್ಟೆಗೆ ಹಾಕಿಕೋ ಎಂದು ನಿನ್ನನ್ನು ಬಲವಂತ ಮಾಡುವುದಿಲ್ಲ. ಬೈಯಬೇಕೆನ್ನಿಸಿದರೆ ಬೈ. ಫೋನ್ ಮಾಡಿ ಬೈ, ಇಲ್ಲಿಗೇ ಬಂದು ಬೈ, ಮೂಗಿನ ತುದಿಯಲ್ಲಿ ಕೋಪ ಇಟ್ಟುಕೊಂಡಿರುತ್ತಿದ್ದ ಹುಡುಗ ಎಷ್ಟು ವರ್ಷವಾಯಿತು ನನ್ನ ಮೇಲೆ ರೇಗಿ. ನನ್ನ ಜೊತೆ ಮಾತೇ ಬೇಡವೆಂದರೂ ಸರಿ, ಅಪ್ಪನನ್ನು ನೋಡುವುದಕ್ಕೆ ಬಾ. ನೀನು ಇರುವಷ್ಟು ದಿನ ನಾನು ಹಲ್ಲಿನ ಡಾಕ್ಟರ ಮಹಡಿಯ ಮೇಲೇ ಇದ್ದುಬಿಡುತ್ತೇನೆ, ಕುರ್ಚಿ ಎರಡಿವೆ. ನೀನು ಅವರ ಕಾಲು ಮುರಿದವನಲ್ಲ. ಇದನ್ನು ಇನ್ನೊಮ್ಮೆ ಓದು. ಬೇಕಾದರೆ ಇಡೀ ಕಾಗದ ಹರಿದುಹಾಕಿ ಈ ಒಂದು ಸಾಲು ಇಟ್ಟುಕೋ.

ಅಪ್ಪನಿಗೆ ಇನ್ನೂ ಹೇಳಿಲ್ಲ. ಈ ಕಾಗದ ಅಂಚೆ ಡಬ್ಬಿಗೆ ಹಾಕುವ ಮೊದಲು ಅವರಿಗೆ ಓದಿ ಹೇಳುತ್ತೇನೆ. ಹಾಕಿಬಿಟ್ಟು ಆಮೇಲೆ ಹೇಳೋಣವೆಂದರೆ ನಾನು ಮತ್ತೆ ಜಾರಿಕೊಳ್ಳುವವಳೇ, ನನ್ನ ಬುದ್ಧಿ ನನಗೆ ಗೊತ್ತು. ಈಗ ಅಂಟು ಒಣಗಲಿ ಎಂದು ಅವರು ಚಹಾಕ್ಕೆ ಕೂಗುವ ಹೊತ್ತು. ಎದ್ದು ಹೋಗುತ್ತೇನೆ.

ಹೊತ್ತಿಗೆ ಸರಿಯಾಗಿ ಉಣ್ಣು. ಎಲ್ಲಿದ್ದರೂ, ನನ್ನ ಮೇಲೆ ಎಷ್ಟು ಮುನಿದರೂ, ನೀನು ತಣ್ಣಗಿರು.

ನಿನ್ನ ಬಲಗಾಲಿನ ಲೇಸು ಕಟ್ಟುತ್ತಿದ್ದವಳು,
ಅಕ್ಕ

ಮ. ವಿ.: ಲಕೋಟೆ ಅಂಟಿಸಿದ್ದೆ, ಮತ್ತೆ ಹರಿದೆ. ಅಪ್ಪನ ಎದುರು ಕೂತು ಪೂರ್ತಿ ಓದಿದೆ. ನಿಘಂಟಿನ ಬೆನ್ನಿಗೆ ಬಟ್ಟೆಪಟ್ಟಿ ಒತ್ತುತ್ತಿದ್ದವರು ತಲೆಯೆತ್ತಲಿಲ್ಲ. ಮುಗಿದ ಮೇಲೆ "ಗೊತ್ತು" ಎಂದರು. ನನಗೆ ಕೇಳಿಸಿದ್ದು ಸರಿಯೋ ಎಂದು ಮತ್ತೆ ಕೇಳಿದೆ. "ಹಿಂದೇನೇ ಕೂತಿದ್ನಲ್ಲಮ್ಮ, ನೀನು ಕಾಲು ಮಡಚ್ಕೊಂಡು ಕೂತಿದ್ದು ಕಾಣಲ್ವಾ? ಅವತ್ತು ಬಾಯಿ ಬಿಟ್ಟಿದ್ರೆ ನಿನ್ನ ಲೈಸೆನ್ಸು ಹೋಗ್ತಿತ್ತು, ಕೆಲಸ ಹೋಗ್ತಿತ್ತು. ಅವನು ಹುಡುಗ, ನಾಲ್ಕು ದಿನಕ್ಕೆ ಮರೀತಾನೆ ಅಂದ್ಕೊಂಡೆ. ಅವನು ಊರೇ ಬಿಟ್ಟು ಹೋಗ್ತಾನೆ ಅಂತ ನನಗೇನು ಗೊತ್ತಿತ್ತು. ಹೋದ್ಮೇಲೆ ಯಾವ ಮುಖ ಇಟ್ಕೊಂಡು ಹೇಳ್ಲಿ?" ಎಂದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು ತಮ್ಮಾ, ಒಂಬತ್ತು ವರ್ಷ ಒಂದೇ ಮೇಜಿನಲ್ಲಿ ಊಟ ಮಾಡಿದ್ದೇವೆ! ಕೂಗಾಡಿದೆ. ಆಮೇಲೆ ಇಬ್ಬರೂ ಅತ್ತೆವು. ಈಗ ನನ್ನ ಕೈಯಿಂದ ಪೆನ್ನು ಕೇಳುತ್ತಿದ್ದಾರೆ, ಅಂಚೆಯವನು ಡಬ್ಬಿ ತೆಗೆಯುವ ಹೊತ್ತಾಯಿತು ಎಂದರೂ ಬಿಡುತ್ತಿಲ್ಲ. ಕೆಳಗಿರುವುದು ಅವರ ಅಕ್ಷರ.

ಮಗಾ, ನಾನು ನೋಡಿದ್ದೆ. ಹೇಳಬೇಕಾಗಿತ್ತು, ಹೇಳಲಿಲ್ಲ. ನಿನ್ನ ಮುಖ ನೋಡೋ ಧೈರ್ಯ ಇಲ್ಲದೋನು ನಾನು. ಆದ್ರೂ ಬಾ.